ಅಜ್ಜಿಯ ಕುರ್ಚಿಯ ಅಡ್ಡಪಟ್ಟಿ

ಬಡಗಿ ಆಚಾರ್ರ ಹುಬ್ಬಿನ ತುಂಬ ಸದಾ ಹಲಸಿನ ಮರದ ಹಳದಿ ಪುಡಿ ಕೂತಿರುತ್ತಿತ್ತು. ಕರೆಂಟಿನ ಗರಗಸ ನಿಲ್ಲಿಸಿ ತಲೆಯೆತ್ತಿದರೆ, ಅರಿಶಿನ ಹಚ್ಚಿಸಿಕೊಂಡು ಎದ್ದುಬಂದ ಮುದಿ ಮದುವಣಿಗನಂತೆ ಕಾಣುತ್ತಿದ್ದರು. ಅವರಿದ್ದಾಗ ನಾಗಮಂಗಲದ ಅವರ ಶೆಡ್ಡಿಗೆ ನಾನು ಹೋದದ್ದು ಒಂಬತ್ತು ಸಲ. ಒಂಬತ್ತೂ ನನ್ನ ದಿನಚರಿಯಲ್ಲಿವೆ.

ಮರ ಸೀಳುವುದು, ತೂತು ಕೊರೆಯುವುದು ಯಂತ್ರದಲ್ಲಿ. ಕೂತವರ ಕೈ ತಾಗುವ ಜಾಗಕ್ಕೆ ಮಾತ್ರ ಯಂತ್ರ ಸೋಕಿಸುತ್ತಿರಲಿಲ್ಲ. ಅಲ್ಲಿ ಮರ ನುಣುಪು ಮಾಡುವ ಕೈ ತೋಪಡದಿಂದ ನಿಧಾನ ಹೆರೆದು, ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡುತ್ತಿದ್ದರು. "ಮಿಸನ್ನಿಗೆ ಕೈ ಇಲ್ಲ ಕಣಪ್ಪ, ಅದ್ಕೇನ್ ಗೊತ್ತು?" ಎನ್ನುತ್ತಿದ್ದರು.

ಕೆ.ಆರ್. ಪೇಟೆಯ ನಮ್ಮ ಮನೆಯಲ್ಲಿ ಅಜ್ಜಿಗೆ ಮಂಡಿನೋವು. ಪ್ಲಾಸ್ಟಿಕ್ ಕುರ್ಚಿಯಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಯಾರನ್ನೂ ಕರೆಯದೆ ತಾನೇ ಎದ್ದು ಜಗುಲಿಗೆ ಹೋಗಬೇಕೆಂಬುದು ಅವಳ ಆಸೆ. ಅದಕ್ಕೆಂದೇ ಮರದ ಕುರ್ಚಿ ಮಾಡಿಸಲು ಹೊರಟೆ. ಮಂಡಿಯ ಎತ್ತರ, ತೊಡೆಯ ಉದ್ದ, ಮೊಣಕೈಯ ಮಟ್ಟ ಎಂದು ಹದಿನಾಲ್ಕು ಅಳತೆ ಬರೆದು, ಫೋನಿನಲ್ಲಿ ಕಂಡ ಕುರ್ಚಿಯೊಂದರ ಚಿತ್ರ ಸೇರಿಸಿ ಕೊಟ್ಟೆ.

"ಎಲ್ಲಾ ತಂದಿದ್ದೀಯ. ಅಜ್ಜೀನೇ ತರ್ನಿಲ್ವಲ್ಲಪ್ಪ?" ಎಂದರು ಆಚಾರ್ರು.

"ಅಳತೆ ಇದೆಯಲ್ಲ ಆಚಾರ್ರೇ."

"ಕೂರೋ ಅಳತೆ ಅದೆ. ಏಳೋ ಅಳತೆ ಎಲ್ಲದೆ?" ಅವರ ಬೆರಳು ಚಿತ್ರದಲ್ಲಿ ಮುಂಗಾಲುಗಳ ನಡುವಿನ ಅಡ್ಡಪಟ್ಟಿಯ ಮೇಲಿತ್ತು. "ಇದು ಬ್ಯಾಡ. ಏಳೋವಾಗ ಕಾಲು ಇಂದಕ್ಕೆ, ಸೀಟಿನ ಕೆಳೀಕೆ ಓಗ್ಬೇಕು. ಇದು ಇಮ್ಮಡಿಗೆ ತಗಲ್ಕತದೆ."

ನಾನು ಅಲ್ಲಿದ್ದ ಸ್ಟೂಲಿನಿಂದ, ಕಾಲು ಕದಲಿಸದೆ, ಪಟಕ್ಕನೆ ಎದ್ದು ತೋರಿಸಿದೆ.

"ನಿಮ್ಮಜ್ಜೀನೂ ಇಂಗೇ ಕಪ್ಪೆಯಂಗೆ ನೆಗೀತದಾ?" ಎಂದು ನಕ್ಕರು. ಚಿತ್ರದಲ್ಲಿರುವಂತೆಯೇ ಬೇಕೆಂದು ನಾನು ಹಟ ಹಿಡಿದೆ. "ಆಯ್ತು ಬುಡು" ಎಂದು ಹಾಳೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು.

ಕುರ್ಚಿ ಬಂತು. ಅಜ್ಜಿ ಕೂತಳು, ಏಳಲಾಗಲಿಲ್ಲ. ಹಿಮ್ಮಡಿ ಪಟ್ಟಿಗೆ ಬಡಿದು ಮುಗ್ಗರಿಸುತ್ತಿದ್ದಳು. ಅವಳು ಎತ್ತಲು ಕರೆದಾಗಲೆಲ್ಲ ದಿನಚರಿಯಲ್ಲಿ ಒಂದು ಗೀಟು ಹಾಕಿದೆ. ಇಪ್ಪತ್ತೊಂದು ದಿನಕ್ಕೆ ನೂರ ಮೂವತ್ತೆಂಟು. ಆಚಾರ್ರ ಮೇಲಿನ ದೂರೆಂದೇ ಅವನ್ನು ಹಾಕಿದ್ದು. ಪಕ್ಕದ ಮನೆಯವರು ಮಗಳ ಮದುವೆಗೆ ಮಂಚ ಮಾಡಿಸಲು ಅವರ ಬಗ್ಗೆ ವಿಚಾರಿಸಿದಾಗ, "ಬೇಡಿ, ಅವರ ಕೆಲಸ ಸರಿಯಿಲ್ಲ" ಎಂದುಬಿಟ್ಟೆ. ಮಂಚ ಬೇರೆಯವರ ಕೈಗೆ ಹೋಯಿತು. ಆಮೇಲೆ ಆಚಾರ್ರಿಗೂ ಫೋನ್ ಮಾಡಿ ಕೂಗಾಡಿದೆ.

ಮಾರನೆಯ ದಿನವೇ ಬಸ್ಸು ಹಿಡಿದು ಬಂದರು. ಚೀಲದಲ್ಲಿ ಕೈಗರಗಸ, ಉಳಿಗಳಿದ್ದವು. ಚೀಲ ಬಿಚ್ಚದೆ ಅಜ್ಜಿಯ ಎದುರು ನೆಲದ ಮೇಲೆ ಕೂತು, "ಅವ್ವಾ, ಒಂದ್ಸಲ ಏಳಿ ನೋಡಾನ" ಎಂದರು.

"ಏಳಂಗಿದ್ರೆ ನಿನ್ನ ಯಾಕಪ್ಪ ಕರೆಸ್ತಿದ್ದೆ?"

ಆದರೂ ಅವಳು ನಾಲ್ಕು ಸಲ ಪ್ರಯತ್ನಿಸಿದಳು, ಅವರು ನಾಲ್ಕು ಸಲವೂ ಅವಳ ಪಾದಗಳನ್ನೇ ನೋಡಿದರು. ನಂತರ ಪಟ್ಟಿ ಕುಯ್ದು ತೆಗೆದು, ಅದನ್ನು ಹಿಂಗಾಲುಗಳ ನಡುವೆ ಕೂರಿಸಿದರು. ಅಜ್ಜಿ ಕಾಲು ಒಳಕ್ಕೆಳೆದುಕೊಂಡು, ಕೈಯೂರಿ, ಎದ್ದು ನಿಂತಳು. ಯಾರೂ ಮುಟ್ಟಲಿಲ್ಲ.

"ಇದ್ನ ಮೊದ್ಲೇ ಮಾಡಕೇನಾಗಿತ್ತೋ ನಿಂಗೆ?" ಎಂದು ಅವರನ್ನೇ ಗದರಿದಳು.

ಆಚಾರ್ರು ನನ್ನ ಕಡೆ ತಿರುಗಲಿಲ್ಲ. "ನಂದೇ ತಪ್ಪು ಕಣವ್ವ. ಗ್ಯಾನ ಇರ್ನಿಲ್ಲ."

ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅಂದಿನ ಪುಟದಲ್ಲಿ "ಕುರ್ಚಿ ಸರಿಯಾಯಿತು" ಎಂದಷ್ಟೇ ಇದೆ. ಪಕ್ಕದ ಮನೆಗೆ ಹೋಗಿ ನನ್ನ ಮಾತನ್ನು ತಿದ್ದಲೂ ಇಲ್ಲ. "ಭಾನುವಾರ ನಾಗಮಂಗಲಕ್ಕೆ ಹೋಗಿ ಕ್ಷಮೆ ಕೇಳಬೇಕು" ಎಂದು ಹನ್ನೊಂದು ವಾರ ಬರೆದುಕೊಂಡೆ. ಹನ್ನೆರಡನೆಯ ವಾರ, ಆಚಾರ್ರು ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಬಂತು.

ಆಗ ಹೋದೆ. ಅವರ ಹೆಂಡತಿ ಊರು ಕೇಳಿ, "ಅಜ್ಜಿ ಕುರ್ಚಿ ಮನೆಯೋರಾ?" ಎಂದರು. "ಅಲ್ಲಿ ತಪ್ಪು ಮಾಡ್ಬುಟ್ಟೆ ಅಂತ ಪೇಚಾಡ್ತಿದ್ರು. ಆಮ್ಯಾಲೆ ಕೂರೋರ್ನ ಕಣ್ಣಾರೆ ನೋಡ್ದೆ ಒಂದು ಕುರ್ಚಿಗೂ ಮರ ಮುಟ್ನಿಲ್ಲ."

"ತಪ್ಪು ಅವರದಲ್ಲಮ್ಮ, ನನ್ನದು. ಅವರು ಬೇಡ ಅಂದಿದ್ರು" ಎಂದೆ.

ಆಕೆ ನೀರಿನ ಲೋಟವನ್ನು ನನ್ನ ಮುಂದಿಟ್ಟು, "ಇದ್ನ ಅವ್ರಿಗೇ ಹೇಳ್ಬೇಕಾಗಿತ್ತು ಕಣಪ್ಪ" ಎಂದರು.