ಓಬಳೇಶಣ್ಣ ಮುಚ್ಚಿದ ತೂತು

ಯಾರ ಮನೆಯ ನಲ್ಲಿ ರಿಪೇರಿಗೆ ಹೋದರೂ ಪೈಪು ಓಬಳೇಶಣ್ಣ ಮೊದಲು ಬೆರಳದ್ದಿ ನೀರನ್ನು ನೆಕ್ಕುತ್ತಿದ್ದ. ಕಣ್ಣು ಮುಚ್ಚಿ, ನಾಲಗೆ ಚಪ್ಪರಿಸಿ, "ಇದು ಬುಕ್ಕಾಪಟ್ಟಣದ ಕಡೇ ನೀರು, ಗಡುಸು" ಎಂದು ತೀರ್ಪು ಕೊಟ್ಟ ಮೇಲೆಯೇ ಪಾನಾ ಕೈಗೆತ್ತಿಕೊಳ್ಳುವುದು. ತೀರ್ಪು ಸರಿಯೋ ತಪ್ಪೋ ಎಂದು ಕೇಳುವ ಧೈರ್ಯ ಶಿರಾದಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಮನೆಯ ಮೀನಿನ ತೊಟ್ಟಿಗೂ ಬೆರಳದ್ದಿದ. ಥೂ ಎಂದು ಉಗಿದ.

"ಅಯ್ಯೋ ದೇವುಡಾ! ಏನ್ಸಾ ಇದು, ಬೋರು ಕೆಟ್ಟೋಗೈತಾ?"

"ಇಲ್ಲ ಓಬಳೇಶಣ್ಣ, ಸಮುದ್ರದ ಮೀನು. ಉಪ್ಪು ನಾನೇ ಕಲಸಿದ್ದು."

ಅವನು ಅಲ್ಲೇ ಕುಕ್ಕರಿಸಿದ. "ನಮ್ ಪಾವಗಡದಾಗೆ ಉಪ್ಪುನೀರು ಬ್ಯಾಡ ಅಂತ ಜನ ಕ್ಯಾನ್ ಹೊತ್ಕಂಡು ತಿರುಗ್ತಾರೆ. ನೀವು ಒಳ್ಳೇ ನೀರ್ಗೆ ಉಪ್ಪು ಸುರ್ಕಂಡು ಕೂತಿದೀರಲ್ಲ! ಅಕ್ಕಾವ್ರೇ, ಸಾರ್ಗೆ ಆರೋಗ್ಯ ಹೆಂಗೈತೆ?"

"ಅದನ್ನ ನಾನೂ ಕೇಳ್ತಾನೇ ಇದೀನಿ" ಎಂದಳು ನನ್ನ ಹೆಂಡತಿ ಸುಧಾ, ಅಡುಗೆಮನೆಯಿಂದ.

ನನಗೆ ಬೇಕಿದ್ದುದು ಇಷ್ಟೇ: ಹವಳಗಳಿಗೆಂದು ಪಕ್ಕದಲ್ಲಿ ಇನ್ನೊಂದು ಗಾಜಿನ ತೊಟ್ಟಿ ಇಟ್ಟು, ಅದನ್ನೂ ಹಳೆಯ ತೊಟ್ಟಿಯ ಕೆಳಗಿದ್ದ ಸಂಪಿಗೇ, ಅಂದರೆ ನೀರು ಕೂಡುವ ಪೆಟ್ಟಿಗೆಗೇ, ಜೋಡಿಸಬೇಕು. ಪಂಪು ನೀರನ್ನು ಎರಡಕ್ಕೂ ಏರಿಸುತ್ತದೆ, ಹೆಚ್ಚಾದದ್ದು ತಾನಾಗಿ ಸಂಪಿಗೆ ಇಳಿಯುತ್ತದೆ. ಹವಳವೆಂದರೆ ಉಂಗುರದ ಕಲ್ಲು ಎಂದುಕೊಂಡಿದ್ದ ಓಬಳೇಶಣ್ಣ, ಅದಕ್ಕೆ ಜೀವವಿದೆ, ಬೆಳಕಿಗೆ ಹೂವಿನಂತೆ ಅರಳುತ್ತದೆ ಎಂದು ತಿಳಿದ ಮೇಲೆ ಬಾಣಂತಿಯ ಕೋಣೆ ಹೊಕ್ಕವನ ಹಾಗೆ ದನಿ ತಗ್ಗಿಸಿಬಿಟ್ಟ.

ಕರೆಂಟು ಹೋದರೆ ಏನು ಗತಿ ಎಂಬ ಯೋಚನೆಯಲ್ಲೇ ಅರ್ಧ ಆಯುಸ್ಸು ಕಳೆದವನು ನಾನು. ಪಂಪು ನಿಂತಾಗ ಏರಿಸುವ ಪೈಪೇ ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ ಪೈಪಿಗೊಂದು ಸಣ್ಣ ತೂತಿದ್ದರೆ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಹಳೆಯದಕ್ಕಿರುವಂತೆ ಹೊಸದಕ್ಕೂ ತೂತು ಕೊರೆ ಎಂದೆ.

"ಹೊಸಾ ಪೈಪಿಗೆ ತೂತಾ? ಸೋರೋದು ನಿಲ್ಸೋನು ಸಾ ನಾನು! ಯಾರಾನ ನೋಡಿದ್ರೆ ಓಬಳೇಶ ತೂತುಪೈಪ್ ಹಾಕವ್ನೆ ಅಂತ ನಗ್ತಾರೆ." ಮುಖ ಗಂಟಿಕ್ಕಿಕೊಂಡೇ ಕೊರೆದ.

ಮರುದಿನ ಮರೆತುಹೋದ ಪಾನಾ ಒಯ್ಯಲು ಬಂದಾಗ ನಾನು ಆಫೀಸಿನಲ್ಲಿದ್ದೆ. ತೂತಿನಿಂದ ಧಾರೆ ಚಿಮ್ಮುವುದನ್ನು ಕಂಡು ಅವನಿಗೆ ತಡೆಯಲಾಗಿರಲಿಕ್ಕಿಲ್ಲ. ಸೋರಿಕೆ ಮುಚ್ಚುವ ಅಂಟು ಕಲಸಿ, ತೂತಿಗೆ ಮೆತ್ತಿ, ಬೆರಳಿಂದ ನುಣುಪು ಮಾಡಿ ಹೋದ. ಸುಧಾ ಕಾಫಿ ಬೇರೆ ಕೊಟ್ಟು ಕಳಿಸಿದ್ದಳು.

ಸಂಜೆ ನಾನು ಬರುವ ಹೊತ್ತಿಗೆ ಕರೆಂಟು ಹೋಗಿ, ಸಂಪು ಉಕ್ಕಿ, ನಡುಮನೆಯೆಲ್ಲ ನೀರಾಗಿತ್ತು. ಹೊಸ ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರು. ಮೂರು ಹವಳಗಳೂ ಬಯಲಲ್ಲಿ ಮುದುಡಿ ಕೂತಿದ್ದವು. ಫೋನ್ ಮಾಡಿದ್ದಕ್ಕೆ ಓಡಿಬಂದ ಓಬಳೇಶಣ್ಣ ಮೆತ್ತಿದ ಜಾಗ ನೋಡಿ, ನನ್ನ ಮುಖ ನೋಡಿ, "ನಾನೇ ಕಣ್ಸಾ" ಎಂದ. ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಳೆಯ ತೊಟ್ಟಿಯಿಂದ ಲೋಟದಲ್ಲಿ ನೀರು ಮೊಗೆದು ಹವಳಗಳ ಮೇಲೆ ಹುಯ್ಯುತ್ತಾ, "ವಸಿ ತಡ್ಕಳವ್ವಾ, ವಸಿ ತಡ್ಕ" ಎನ್ನುತ್ತಿದ್ದ. ನಾನು ಉಪ್ಪು ಕಲಸಲು ಹೋದೆ.

ಎರಡು ಅರಳಿದವು. ಮೂರನೆಯದು ಅರಳಲಿಲ್ಲ. ದಿನವೂ ಕೆಲಸ ಮುಗಿಸಿ ಬಂದು, ಗಾಜಿಗೆ ಮೂಗೊತ್ತಿ, "ಕಣ್ ಬುಟ್ಳಾ ಸಾ?" ಎನ್ನುವನು. ನಾಳೆ ಬಿಡಬಹುದು ಎನ್ನುವೆನು ನಾನು. ಯಾವುದರಲ್ಲೂ ಕೆಟ್ಟದ್ದನ್ನೇ ಮೊದಲು ಕಾಣುವ ನಾನೇ ಹಾಗೆನ್ನುತ್ತಿದ್ದೆ.

ಆಮೇಲೆ ಅವನಿಗೆ ಪಾವಗಡದ ತಿರುಮಣಿಯ ಕಡೆ ಸೋಲಾರ್ ಹಲಗೆ ತೊಳೆಯುವ ನೀರಿನ ಪೈಪಿನ ಕೆಲಸ ಸಿಕ್ಕಿತು. ಹೊರಟ ದಿನ ಬಂದವನೇ ಹೇಳದೆ ಕೇಳದೆ ನಮ್ಮ ಮೇನ್ ಸ್ವಿಚ್ ಆರಿಸಿದ. ನಾನು ಬಕೆಟ್ ಹಿಡಿದು ನಿಂತೆ. ಅವನೇ ಮತ್ತೆ ಕೊರೆದಿದ್ದ ತೂತು ಗೊರಕ್ಕೆಂದಿತು, ನೀರು ನಿಂತಿತು. ಅವನ ಮುಖ ಮಾತ್ರ ಅರಳಲಿಲ್ಲ. ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮೂರ್ನೇದು ಕಣ್ ಬುಟ್ರೆ ಫೋನ್ ಮಾಡಿ ಸಾ. ಬುಡ್ದಿದ್ರೆ ಮಾಡ್ಬ್ಯಾಡಿ" ಎಂದ.

ಅದೀಗ ಸುಣ್ಣದ ಹೆಂಟೆಯಂತೆ ಬೆಳ್ಳಗಾಗಿದೆ. "ಸತ್ತಿದೆ, ತೆಗ್ದು ಎಸೀರಿ" ಎನ್ನುತ್ತಾಳೆ ಸುಧಾ. ಎಸೆದರೆ ಅವನಿಗೆ ಫೋನ್ ಮಾಡುವ ದಾರಿಯೇ ಮುಚ್ಚಿದಂತೆ ಎಂದು ಇಟ್ಟುಕೊಂಡಿದ್ದೇನೆ. ಅತ್ತಲಿಂದಲೂ ಫೋನಿಲ್ಲ. ಕೇಳಲು ಅವನಿಗೂ ಬಾಯಿ ಬರುತ್ತಿಲ್ಲವೇನೋ.