ಕಿರುಬೆರಳಿನ ಮಸಿ

ರತ್ನಮ್ಮನವರೇ, ನಿಮ್ಮ ಗೌರಿಯ ಎಡಗಾಲು ಕೆಡಿಸಿದವನು ನಾನು. ಅದನ್ನು ಪೋಲಿಯೊ ಎಂದು ಹೇಳಿದವನೂ ನಾನೇ — ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ.

ಇದನ್ನು ಮೊದಲೇ ಬರೆದುಬಿಟ್ಟೆ. ನನ್ನ ಬುದ್ಧಿ ನನಗೆ ಗೊತ್ತು. ಇಲ್ಲದಿದ್ದರೆ ಕುಶಲ, ಸೆಕೆ, ನನ್ನ ಗ್ಯಾಸ್ಟ್ರಿಕ್ಕು ಎಂದು ಎರಡು ಪುಟ ತುಂಬಿಸಿ ವಿಷಯಕ್ಕೆ ಬರುವ ಮುಂಚೆ ಸಹಿ ಹಾಕಿಬಿಡುತ್ತಿದ್ದೆ. ನಂಜನಗೂಡಿನ ನನ್ನ ಔಷಧಿ ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಅರ್ಧ ದಾರಿಯಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ಇಂಥ ಪುಕ್ಕಲನಿಗೆ ಎರಡು ವರ್ಷದ ಕೂಸಿಗೆ ಸೂಜಿ ಚುಚ್ಚುವ ಧೈರ್ಯ ಮಾತ್ರ ಎಲ್ಲಿಂದ ಬಂದಿತ್ತೋ!

ಆಗ ನಾನು ಮೂಗೂರಿನ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರು. ಡಾಕ್ಟರು ಮೈಸೂರಿನಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಚೀಟಿಯಲ್ಲಿ ಬರೆದಿದ್ದನ್ನು ಕೊಡುವುದಷ್ಟೇ ನನ್ನ ಕೆಲಸ. ಆದರೆ ಸೂಜಿ ಬೀಳದೆ ಜ್ವರ ಇಳಿದರೆ ಅದನ್ನು ವಾಸಿಯೆಂದೇ ಒಪ್ಪದ ಜನ. ‘ಡಾಕ್ಟ್ರೇ’ ಎಂದು ಕರೆದರೆ ಬೆನ್ನು ನೆಟ್ಟಗಾಗುವ ನಾನು — ಸರಿಹೋಯಿತು.

ಅಂದು ಗೌರಿಗೆ ಜ್ವರ. ನಿಮ್ಮ ಅತ್ತೆ ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದರು. “ಸೂಜಿ ಆಕಿ ಸಾ. ಔಷ್ದಿ ನೀರ್ಗೆಲ್ಲ ಓಗೋ ಜ್ವರ ಅಲ್ಲ ಇದು.”

ನೀವು ಬಾಗಿಲ ಹತ್ತಿರ ನಿಂತಿದ್ದಿರಿ. “ಬ್ಯಾಡಿ ಸಾ, ಔಷ್ದಿನೇ ಕೊಡಿ ಸಾಕು. ಕೂಸು ಎದ್ರುಕತ್ತದೆ.”

“ನೀ ಸುಮ್ಕಿರವ್ವ. ನೀನೇನ್ ಡಾಕ್ಟ್ರಾ?”

ನಾನು ನಕ್ಕೆ. ಆ ಪ್ರಶ್ನೆಯನ್ನು ಯಾರಾದರೂ ನನ್ನ ಕಡೆ ತಿರುಗಿಸಿದ್ದರೆ — ಯಾರೂ ತಿರುಗಿಸಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಪಿರ್ರೆಯ ಮೇಲ್ಭಾಗದ ಹೊರಮೂಲೆಗೆ ಹಾಕಬೇಕು. ಕೂಸು ಒದ್ದಾಡಿತು. ಸೂಜಿ ಕೆಳಕ್ಕೆ, ನಡುಭಾಗಕ್ಕೆ ಹೋಯಿತು. ಕೈ ಹಿಂದಕ್ಕೆ ತೆಗೆಯಬಹುದಿತ್ತು. ತೆಗೆಯದೆ ಔಷಧಿಯನ್ನು ಪೂರ್ತಿ ಒತ್ತಿದೆ. ಗೌರಿ ಚೀರಿದ ಚೀರು ಬೇರೆಯೇ ಥರ ಇತ್ತು. “ಸೂಜಿ ನೋವು, ಸಂಜೆಗೆ ಸರಿಯಾಗ್ತದೆ” ಎಂದೆ. ನೀವು ಕಂಕುಳಲ್ಲಿ ಎತ್ತಿಕೊಂಡು ಹೊರಟಾಗ ಎಡಪಾದ ಒದ್ದೆ ಬಟ್ಟೆಯಂತೆ ಜೋಲುತ್ತಿದ್ದುದು ನನಗೆ ಕಂಡಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಬಂದಿರಿ. ಪಾದ ಎತ್ತಲು ಆಗುತ್ತಿರಲಿಲ್ಲ.

ಈಗ ನನ್ನ ವಿದ್ಯೆಯ ಮಾತು ಕೇಳಿ. ಫಾರ್ಮಸಿ ಡಿಪ್ಲೊಮಾ ಓದುವಾಗ ಬೆನ್ನುಹುರಿಯ ಅಡ್ಡಸೀಳಿನ ಚಿತ್ರವನ್ನು ನನ್ನಷ್ಟು ಚಂದ ಯಾರೂ ಬರೆಯುತ್ತಿರಲಿಲ್ಲ. ನಡುವೆ ಬೂದುಬಣ್ಣದ ಚಿಟ್ಟೆ. ಅದರ ಮುಂದಿನ ರೆಕ್ಕೆಯಿಂದ ಹೊರಡುವವು ಚಲನೆಯ ನರಗಳು — ಅವಕ್ಕೆ ಕೆಂಪು ಪೆನ್ಸಿಲ್. ಹಿಂದಿನ ರೆಕ್ಕೆಗೆ ಬರುವವು ಸ್ಪರ್ಶ, ನೋವು ತರುವ ನರಗಳು — ನೀಲಿ. ಹುರಿಯಿಂದ ಹೊರಗೆ ಎರಡೂ ಸೇರಿ ಒಂದೇ ಕಟ್ಟಾಗಿ ಕಾಲಿಗೆ ಇಳಿಯುತ್ತವೆ. ಪೋಲಿಯೊ ಸುಡುವುದು ಕೆಂಪು ಹೊರಡುವ ಆ ಮುಂದಿನ ರೆಕ್ಕೆಯನ್ನು ಮಾತ್ರ; ಕಾಲು ಬಿದ್ದುಹೋದರೂ ಚಿವುಟಿದರೆ ಮಗು ಅಳುತ್ತದೆ. ಸೂಜಿ ಕೆಳಗಿನ ಕಟ್ಟಿಗೇ ತಗುಲಿದರೆ ಕೆಂಪೂ ಹೋಗುತ್ತದೆ, ನೀಲಿಯೂ ಹೋಗುತ್ತದೆ.

ಬೆಂಕಿಕಡ್ಡಿಯ ತುದಿಯನ್ನು ಗೌರಿಯ ಎಡಪಾದದ ಮೇಲೆ ಒತ್ತಿದೆ. ಅವಳು ನನ್ನ ಜೇಬಿನ ಪೆನ್ನು ನೋಡುತ್ತಿದ್ದಳು. ಇನ್ನೂ ಜೋರಾಗಿ ಒತ್ತಿದೆ. ಪೆನ್ನಿಗೆ ಕೈ ಚಾಚಿದಳು. ಬಲಪಾದಕ್ಕೆ ಒತ್ತಿದೆ — ಕಿಟಾರನೆ ಕಿರುಚಿದಳು.

ಗೊತ್ತಾಯಿತು. ಪೂರ್ತಿ ಗೊತ್ತಾಯಿತು. ಆಮೇಲೆ ಬಾಯಿ ಬಿಟ್ಟೆ:

“ಪೋಲಿಯೊ ಇದ್ದಂಗಿದೆ. ಹನಿ ಏನಾದ್ರೂ ತಪ್ಸಿದ್ರಾ?”

ನಿಮ್ಮ ಅತ್ತೆ ನಿಮ್ಮ ಕಡೆ ತಿರುಗಿದರು. “ಓದ ತಿಂಗ್ಳು ಹನಿ ಆಕೋ ಭಾನ್ವಾರ ಇವ್ಳು ತಾಂಡವಪುರ್ದಲ್ಲಿ ಅವ್ರಪ್ಪನ ಮನೇಲಿ ಕುಂತಿದ್ಲು ಸಾ!”

“ಅಲ್ಲೇ ಆಕ್ಸಿದ್ದೆ ಕಣತ್ತೆ. ಹನಿ ಆಕಿದ್ ಗುರ್ತಿಗೆ ಕಿರುಬೆರ್ಳಿಗೆ ಮಸಿನೂ ಆಕಿದ್ರು.” ಗೌರಿಯ ಬೆರಳು ಹಿಡಿದು ತೋರಿಸಿದಿರಿ.

“ಎಲ್ಲವ್ವ ಮಸಿ? ಅದ್ನೂ ನುಂಗ್ಬುಟ್ಯಾ?”

ನೀವು ಆ ಬೆರಳನ್ನು ನನ್ನ ಮುಂದೆ ಹಿಡಿದಿರಿ. ನೋಡಿದೆ. ತಲೆಯಾಡಿಸಿದೆ — ಇಲ್ಲ ಎಂದು.

ಅದಾಗಿ ತಿಂಗಳೆರಡು ಕಳೆದಿತ್ತು. ಆರೋಗ್ಯ ಇಲಾಖೆಯ ಸಿಸ್ಟರು ಬಂದು ಪೋಲಿಯೊ ಗುಮಾನಿಯಿಂದ ಕಳಿಸಿದ್ದ ಗೌರಿಯ ಮಲದ ಪರೀಕ್ಷೆಯ ಫಲಿತಾಂಶ ಬಂದಿದೆ, ಪೋಲಿಯೊ ಇಲ್ಲವಂತೆ, “ಆ ಮನೆಯವ್ರು ಇಲ್ಲಿಗೇ ಬತ್ತಾರಲ್ಲ, ಒಂದ್ ಮಾತು ಹೇಳ್ಬಿಡಿ” ಎಂದರು. “ಆಯ್ತು ಸಿಸ್ಟರ್” ಎಂದೆ. ಹೇಳಲಿಲ್ಲ. ಅವತ್ತೇ ನಿಮ್ಮನ್ನು ಮೈಸೂರಿಗೆ, ನರದ ಡಾಕ್ಟರ ಹತ್ತಿರ ಕಳಿಸಿದ್ದರೆ, ಕಾಲಿಗೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸಿ — ಬೇಡ. ಆ ವಾಕ್ಯ ಮುಗಿಸುವ ಯೋಗ್ಯತೆ ನನಗಿಲ್ಲ. ಅಷ್ಟು ಹೊತ್ತಿಗೆ ಅತ್ತೆಯ ಮನೆ, ಹನಿ ತಪ್ಪಿಸಿದವಳೆಂದು, ನಿಮ್ಮನ್ನು ಕೂಸಿನ ಸಮೇತ ತಾಂಡವಪುರಕ್ಕೆ ಅಟ್ಟಿತ್ತು.

ಆಮೇಲೆ ನಾನು ನಂಜನಗೂಡಿಗೆ ಬಂದೆ, ಅಂಗಡಿ ಇಟ್ಟೆ. ನೀವು ಬಿ.ಪಿ. ಮಾತ್ರೆಗೆ ತಿಂಗಳು ತಿಂಗಳು ಬಂದಿರಿ. ‘ಚೆನ್ನಾಗಿದ್ದೀರಾ ಡಾಕ್ಟ್ರೇ?’ — ಈ ಮಾತು ಕೇಳಿದಾಗೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಬಾರಿಸಿಕೊಳ್ಳಲಿಲ್ಲ. ಚಿಲ್ಲರೆ ಕೊಟ್ಟೆ.

ಹೋದ ವಾರ ಅಂಗಡಿಯಲ್ಲಿ ಒಬ್ಬಳು ಎಳೆಯ ಬಾಣಂತಿ ನಿಂತಿದ್ದಳಲ್ಲ. ನೀವು ಅವಳ ಕೈ ಹಿಡಿದು ಹೇಳಿದಿರಿ: “ಹನಿ ಮಾತ್ರ ತಪ್ಸಬ್ಯಾಡ ಕಣವ್ವ. ನಾನು ಒಂದ್ ಸತಿ ತಪ್ಸಿ ನನ್ ಮಗಿನ ಕಾಲು ಕಳ್ದ್‌ಬುಟ್ಟೆ.”

ತಪ್ಸಿ! ‘ಅಲ್ಲೇ ಆಕ್ಸಿದ್ದೆ’ ಎಂದು ಅತ್ತೆಯ ಮುಖಕ್ಕೆ ಹೇಳಿದ್ದ ಹೆಂಗಸು ನೀವು. ನಿಮ್ಮ ನೆನಪನ್ನೂ ನಾನೇ ಕೆಡಿಸಿದ್ದೆ. ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು — ನಾಚಿಕೆಯಿಲ್ಲದೆ ಹೇಳುತ್ತೇನೆ — ಮೊದಲು ಬಂದದ್ದು ನಿಮ್ಮ ಮೇಲೆ. ಯಾಕೆ ನಂಬಿದಿರಿ? ಯಾಕೆ ನನ್ನ ಕೊರಳಪಟ್ಟಿ ಹಿಡಿಯಲಿಲ್ಲ? ಹೀಗೆ, ನನ್ನ ಪಾಪಕ್ಕೂ ನಿಮ್ಮನ್ನೇ ಬೈಯಲು ಹೊರಟ ನೀಚ ನಾನು.

ಭಾನುವಾರ ಬೆಳಿಗ್ಗೆ ಮೂಗೂರಿಗೆ ಹೋಗುತ್ತೇನೆ. ನಿಮ್ಮ ಅತ್ತೆಗೆ ಕಿವಿ ಮಂದವಂತೆ. ಒಳ್ಳೆಯದಾಯಿತು, ಕೂಗಿ ಹೇಳಬೇಕಾಗುತ್ತದೆ, ಬೀದಿಗೆ ಕೇಳುತ್ತದೆ. ಅಲ್ಲಿಂದ ತಾಂಡವಪುರಕ್ಕೆ ಬರುತ್ತೇನೆ. ಗೌರಿ ಈಗ ಓದು ಬಲ್ಲಳು. ಈ ಕಾಗದ ಅವಳ ಕೈಗೇ ಕೊಡುತ್ತೇನೆ, ಅವಳು ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ. ಪೊಲೀಸರನ್ನು ಕರೆಸಿ, ಉಗಿಯಿರಿ, ಏನು ಬೇಕಾದರೂ ಮಾಡಿ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕ್ಷಮಿಸಿಬಿಡುತ್ತೀರಿ ಎಂಬ ಭಯ ನನಗೆ.

ಇನ್ನೊಂದು ಉಳಿದಿದೆ. ಅಂದು ನೀವು ಗೌರಿಯ ಕಿರುಬೆರಳನ್ನು ನನ್ನ ಮುಂದೆ ಹಿಡಿದಾಗ, ಉಗುರಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ನಾನು ನೋಡಿದ್ದೆ.