ಕೊನೆಯ ಇಪ್ಪತ್ತು ಕೀಗಳು

ಕಳೆದ ತಿಂಗಳು ನಾನು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಕೆಡಿಸಿದೆ. ಬರೀ ಮುಕ್ಕಾಲು ಗಂಟೆ ಉಳಿಸುವುದಕ್ಕೆ.

ಆ ಮನುಷ್ಯನ ಹೆಸರು ವಿಕ್ಟರ್. ಉಡುಪಿ ಕಡೆಯ ಶಿರ್ವದವನು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮದೇ ಬಿಲ್ಡಿಂಗಿನಲ್ಲಿ ನಮಗಿಂತ ಎರಡು ಮಹಡಿ ಕೆಳಗಿದ್ದಾನೆ. ಕೆಲಸ ಪಿಯಾನೊ ಟ್ಯೂನಿಂಗ್. (ಹಾಗೂ ಒಂದು ಕೆಲಸ ಉಂಟಾ ಎಂದು ನಮ್ಮತ್ತೆ ಕೇಳಿದ್ದರು. ಉಂಟು. ಶ್ರುತಿ ತಪ್ಪಿದ ತಂತಿಗಳನ್ನು ಒಂದೊಂದಾಗಿ ತಿರುಪಿ ಸರಿಮಾಡುವುದು. ಇಲ್ಲಿನ ಎಸಿಗೂ ಹೊರಗಿನ ಹಬೆಗೂ ಸಿಕ್ಕಿ ಪಿಯಾನೊಗಳು ಬೇಗ ಕೆಡುತ್ತವೆ. ವಿಕ್ಟರ್‌ಗೆ ಬಿಡುವಿಲ್ಲ.)

ಅವತ್ತು ಶನಿವಾರ. ಅವನ ಕಾರು ಗ್ಯಾರೇಜಿನಲ್ಲಿತ್ತು.

"ಅಬುಧಾಬಿಗೆ ಒಮ್ಮೆ ಕರ್ಕೊಂಡು ಹೋಗ್ತೀಯಾ ಮಾರಾಯ? ಡೊರೊಥಿ ಮೇಡಂ ಮನೆಗೆ. ಅವರದ್ದು ತಪ್ಪಿಸ್ಲಿಕ್ಕೆ ಆಗುದಿಲ್ಲ" ಅಂದ.

ಡೊರೊಥಿ ಮೇಡಂ ಅಮೆರಿಕದವರು. ಎಂಬತ್ತರ ಹತ್ತಿರ ವಯಸ್ಸು. ಒಂದು ಕಾಲದಲ್ಲಿ ಊರೂರು ತಿರುಗಿ ಕಛೇರಿ ಕೊಡುತ್ತಿದ್ದ ಪಿಯಾನೊ ವಾದಕಿ. ಗಂಡನಿಗೆ ಅಬುಧಾಬಿಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ಜೊತೆಗೆ ಬಂದರು, ಕಛೇರಿ ನಿಂತಿತು. ಆಮೇಲೆ ಮಕ್ಕಳಿಗೆ ಪಾಠ. ಈಗ ಗಂಡನಿಲ್ಲ, ಮಗನ ಜೊತೆ ಇದ್ದಾರೆ. ಕಿವಿ ಬಹುಪಾಲು ಹೋಗಿದೆ. ಮೇಲಿನ ಸ್ವರಗಳಂತೂ ಕೇಳಿಸುವುದೇ ಇಲ್ಲ. ಆದರೂ ಮೂರು ತಿಂಗಳಿಗೊಮ್ಮೆ ವಿಕ್ಟರ್‌ಗೆ ಫೋನ್ ಹೋಗುತ್ತದೆ.

ದಾರಿಯಲ್ಲಿ ಪೆಟ್ರೋಲ್‌ಗೆ ನಿಂತಾಗ ನಾನು ಅವರ ಹೆಸರನ್ನು ನೆಟ್‌ನಲ್ಲಿ ಹುಡುಕಿದೆ. ಯಾವುದೋ ಹಳೆಯ ಕಾರ್ಯಕ್ರಮದ ಪಟ್ಟಿ, ಅದರಲ್ಲಿ ಒಂದು ಸಾಲು. ವಿಡಿಯೊ ಇಲ್ಲ, ರೆಕಾರ್ಡ್ ಇಲ್ಲ.

"ದೊಡ್ಡ ಹೆಸರೇನಲ್ಲ" ಅಂದೆ.

ಮನೆ ತಲುಪಿದಾಗ ಒಂದೂವರೆ. ಮೇಡಂ ನಿಂಬೆ ಶರಬತ್ತು ಕೊಟ್ಟು ಒಳಗೆ ಮಲಗಲು ಹೋದರು. ವಿಕ್ಟರ್ ಮುಚ್ಚಳ ತೆಗೆದು ಶುರು ಮಾಡಿದ. ಒಂದು ಕೀ ಒತ್ತುವುದು, ತಿರುಪುವುದು, ಮತ್ತೆ ಒತ್ತುವುದು. ಎಂಬತ್ತೆಂಟು ಕೀ, ಅವುಗಳಲ್ಲಿ ಹೆಚ್ಚಿನವಕ್ಕೆ ಮೂರು ಮೂರು ತಂತಿ. ಪಕ್ಕದಲ್ಲಿ ಕೂತು ನೋಡಿ, ತಾಳ್ಮೆ ಎಂದರೇನೆಂದು ಗೊತ್ತಾಗುತ್ತದೆ.

ನನಗೆ ತಾಳ್ಮೆ ಇರಲಿಲ್ಲ. ಸಂಜೆ ಆರಕ್ಕೆ ಶಾರ್ಜಾದಲ್ಲಿ ಊರಿನವರ ಗೆಟ್-ಟುಗೆದರ್. ನಿರೂಪಕ ಯಾರು? ನಾನೇ.

ಮೂರೂವರೆಗೆ ಕೇಳಿದೆ, "ಇನ್ನೆಷ್ಟುಂಟು?"

"ಮೇಲಿನ ಸ್ವರಗಳ ಕೊನೆಯ ಇಪ್ಪತ್ತು ಕೀ. ಮುಕ್ಕಾಲು ಗಂಟೆ."

"ಅದು ಅವರಿಗೆ ಕೇಳ್ತದಾ?"

"ಇಲ್ಲ."

"ಮತ್ತೆಂತ? ಯಲ್ಲಾ, ಹೊರಡುವ, ಬಿಡು. ಬರುವ ಸಲ ಮಾಡಿದ್ರಾಯ್ತು."

ವಿಕ್ಟರ್ ನನ್ನ ಮುಖವನ್ನೇ ನೋಡಿದ. ನಾನು ವಾಚು ನೋಡಿದೆ. ಅವನು ನಿಧಾನವಾಗಿ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿದ. ಮೇಡಂ ಎದ್ದು ಬಂದು "ಎಲ್ಲ ಆಯ್ತಾ?" ಎಂದು ಕೇಳಿದಾಗ "ಯೆಸ್ ಮೇಡಂ" ಅಂದ, ಬ್ಯಾಗಿನ ಜಿಪ್ ಎಳೆಯುತ್ತಾ.

ಶಾರ್ಜಾದಲ್ಲಿ ನನ್ನ ನಿರೂಪಣೆಗೆ ಒಳ್ಳೆಯ ಚಪ್ಪಾಳೆ ಬಿತ್ತು. (ಜೋಕುಗಳೆಲ್ಲ ಹಳೆಯವು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.)

ಸೋಮವಾರ ಬೆಳಿಗ್ಗೆ ವಿಕ್ಟರ್ ಬಾಗಿಲು ತಟ್ಟಿದ. ಏನೂ ಹೇಳದೆ ಮೊಬೈಲ್ ಮುಂದೆ ಹಿಡಿದ. ಡೊರೊಥಿ ಮೇಡಂ ಮೆಸೇಜ್. "ವಿಕ್ಟರ್, ಮೇಲಿನ ಕೀಗಳು ಹಾಗೇ ಉಳಿದಿವೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ನಿನ್ನ ಆರೋಗ್ಯ ಸರಿ ಇದೆಯಾ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?"

ಬೈದಿದ್ದರೆ ಸುಲಭವಿತ್ತು. ಒಂದು 'ಸಾರಿ' ಅಂದು ಮುಗಿಸಬಹುದಿತ್ತು. ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ ಎಂದರೆ ಇವನಿಗೇ ಏನೋ ಆಗಿರಬೇಕು ಎಂದುಕೊಂಡ ಹೆಂಗಸಿಗೆ ಏನು ಹೇಳುವುದು?

"ಜ್ವರ ಇತ್ತು ಅಂತ ಹೇಳು" ಅಂದೆ.

"ಒಂದು ಸಲ ನಿನ್ನ ಮಾತು ಕೇಳಿ ಆಯ್ತಲ್ಲ" ಎಂದು ವಿಕ್ಟರ್ ಮೊಬೈಲ್ ಜೇಬಿಗಿಟ್ಟುಕೊಂಡ. "ಇನ್ನು ಬೇಡ."

ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಡಬ್ಬಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನಗುವವರು ನಗಬಹುದು.

ಮುಂದಿನ ಭಾನುವಾರ ಮತ್ತೆ ಹೋದೆವು. ಅವನ ಕಾರು ರಿಪೇರಿಯಾಗಿ ಬಂದಿತ್ತು. ಆದರೂ ನಾನೇ ಕರೆದುಕೊಂಡು ಹೋದೆ.

ಪಿಯಾನೊ ಮುಂದೆ ತಲೆಗೆ ಸ್ಕಾರ್ಫ್ ಕಟ್ಟಿದ್ದ ಸುಮಾರು ನಲವತ್ತರ ಹೆಂಗಸೊಬ್ಬರು ಕೂತಿದ್ದರು. ಸುಮಯ್ಯಾ. ಭಟ್ಕಳದ ಮನೆತನ, ಹುಟ್ಟಿ ಬೆಳೆದದ್ದು ಅಬುಧಾಬಿ, ಹಲ್ಲಿನ ಡಾಕ್ಟರ್. ಏಳು ವರ್ಷದ ಹುಡುಗಿಯಾಗಿ ಮೇಡಂ ಹತ್ತಿರ ಕಲಿಯಲು ಬಂದವರು. ಈಗಲೂ ಪ್ರತಿ ಭಾನುವಾರ ಬಂದು ಒಂದು ಗಂಟೆ ನುಡಿಸುತ್ತಾರೆ. ಮೇಡಂ ಪಕ್ಕದಲ್ಲಿ ಕೂತು, ಪಿಯಾನೊದ ಮರದ ಮೇಲೆ ಅಂಗೈ ಇಟ್ಟು, ಶಿಷ್ಯೆಯ ಬೆರಳುಗಳನ್ನು ನೋಡುತ್ತಾರೆ. ಟ್ಯೂನಿಂಗ್ ಯಾರಿಗಾಗಿ ಎಂಬುದು ವಿಕ್ಟರ್‌ಗೂ ಅವತ್ತೇ ಗೊತ್ತಾದದ್ದು.

"ಟಾಪ್ ನೋಟ್ಸ್ ಹೇಗುಂಟು ಅಂತ ಮೇಡಂ ಪ್ರತಿ ಸಲ ಕೇಳ್ತಾರೆ" ಎಂದರು ಸುಮಯ್ಯಾ, ಅಜ್ಜಿಯಿಂದ ಕಲಿತ ಕನ್ನಡದಲ್ಲಿ. "ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಸಾರಿ."

ವಿಕ್ಟರ್ ಮೇಡಂ ಎದುರು ನಿಂತ. "ನನಗೇನೂ ಆಗಿರಲಿಲ್ಲ ಮೇಡಂ. ನಿಮಗೆ ಕೇಳುವುದಿಲ್ಲ ಅಂತ ಬಿಟ್ಟು ಹೋದೆ."

ಮೇಡಂಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು. ವಿಕ್ಟರ್ ಅದನ್ನೇ ಮತ್ತೊಮ್ಮೆ, ಕೋಣೆಗೆಲ್ಲ ಕೇಳುವಂತೆ ಹೇಳಬೇಕಾಯಿತು. ತಪ್ಪನ್ನು ಪಿಸುಗುಟ್ಟುವುದು ಸುಲಭ. ಕೂಗಿ ಹೇಳಿ ನೋಡಿದ್ದೀರಾ?

ಮೇಡಂ ತಮ್ಮದೇ ಕಥೆ ಹೇಳಿದರು.

ಮೂವತ್ತರ ಆಸುಪಾಸಿನ ವಯಸ್ಸು. ಅಮೆರಿಕದ ಯಾವುದೋ ಸಣ್ಣ ಊರು, ಹೊರಗೆ ಹಿಮ, ಹಾಲ್‌ನಲ್ಲಿ ಹನ್ನೊಂದು ಜನ. ಬಸ್ಸು ತಪ್ಪುವ ಭಯ. ನಾಲ್ಕು ಭಾಗಗಳಿದ್ದ ಕೃತಿಯಲ್ಲಿ ಮೂರನೆಯದನ್ನು ಹಾರಿಸಿಬಿಟ್ಟರಂತೆ. ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬರುವಾಗ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಕಾಯುತ್ತಿದ್ದಳು. ತೀರಿಹೋದ ಅವಳ ಗಂಡ ಮನೆಯಲ್ಲಿ ಆ ಮೂರನೆಯ ಭಾಗವನ್ನೇ ನುಡಿಸುತ್ತಿದ್ದನಂತೆ.

"ಆಕೆ ನನ್ನ ಮೇಲೆ ಅನುಮಾನ ಪಡಲಿಲ್ಲ" ಎಂದರು ಮೇಡಂ. "ಬೆಳಗಿನಿಂದ ನಿಂತು ದಣಿದಿದ್ದೆ, ಅದು ಬರುವಾಗ ನಿದ್ದೆ ಹೋಗಿರಬೇಕು, ಕ್ಷಮಿಸಿ ಅಂದಳು. ನನ್ನನ್ನೇ ಕ್ಷಮೆ ಕೇಳಿದಳು. ನಾನು ನಿಜ ಹೇಳಲಿಲ್ಲ. ಬಸ್ ಹಿಡಿದೆ."

ದೊಡ್ಡ ಹಾಲ್‌ಗಳೆಲ್ಲ ಮರೆತುಹೋಗಿವೆಯಂತೆ. ಆ ಹೆಂಗಸಿನ ಮುಖ ಹೋಗಿಲ್ಲ. ಶಿಷ್ಯರಿಗೆ ಕಲಿಸುವಾಗ ಒಂದು ಸ್ವರವನ್ನೂ ಹಾರಿಸಲು ಬಿಡದಿದ್ದದ್ದು ಅದಕ್ಕೇ ಅಂದರು. ಸುಮಯ್ಯಾ ತಲೆ ತಗ್ಗಿಸಿ ನಕ್ಕರು. ಎಷ್ಟು ಸಲ ಮೊದಲಿನಿಂದ ನುಡಿಸಬೇಕಾಗಿ ಬಂದಿತ್ತೋ.

"ನೀನು ಹೇಳಿದೆ ವಿಕ್ಟರ್. ನನ್ನಿಂದ ಅದು ಆಗಲಿಲ್ಲ. ಈಗ ಆ ಇಪ್ಪತ್ತನ್ನು ಮುಗಿಸು."

ವಿಕ್ಟರ್ ಮುಕ್ಕಾಲು ಗಂಟೆಯಲ್ಲ, ಒಂದೂಕಾಲು ಗಂಟೆ ತೆಗೆದುಕೊಂಡ. ಆಮೇಲೆ ಸುಮಯ್ಯಾ ನುಡಿಸಿದರು. ಬೆರಳುಗಳು ಬಲತುದಿಗೆ ಹೋದಾಗ ಮೇಡಂ ಶಿಷ್ಯೆಯ ಮುಖ ನೋಡಿದರು. ಸುಮಯ್ಯಾ ತಲೆಯಾಡಿಸಿದರು. ಮೇಡಂ ತಿರುಗಿ ವಿಕ್ಟರ್‌ಗೆ ತಲೆಯಾಡಿಸಿದರು.

ನನಗೆ ಸಂಗೀತ ಗೊತ್ತಿಲ್ಲ. ಆದರೆ ಒಬ್ಬ ವಾದಕಿ ಏನು ಬಿಟ್ಟುಹೋಗುತ್ತಾಳೆ ಎಂಬುದನ್ನು ಪೆಟ್ರೋಲ್ ಬಂಕಿನಲ್ಲಿ ನಿಂತು ಮೊಬೈಲಿನಲ್ಲಿ ಹುಡುಕಬಾರದು ಎಂಬಷ್ಟು ತಿಳಿಯಿತು.

ವಾಪಸು ಬರುವಾಗ ದುಬೈ ಗಡಿ ದಾಟಿದ ಮೇಲೆ ವಿಕ್ಟರ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ನೀನೂ ಒಂದು ಮಾತು ಹೇಳಬಹುದಿತ್ತು ಮಾರಾಯ."

ಹೌದು. ಅವನು ಪೂರ್ತಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಎರಡೆರಡು ಸಲ ಹೇಳುವಾಗ ನಾನು ಸೋಫಾದಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದೆ.

ಈಗ ಹೇಳಿದ್ದೇನೆ, ಡೊರೊಥಿ ಮೇಡಂಗೆ ಓದಲು ಬಾರದ ಕನ್ನಡದಲ್ಲಿ. ಇದಕ್ಕೂ ತಪ್ಪೊಪ್ಪಿಗೆ ಅನ್ನುತ್ತಾರಾ?